ನುಡಿಯ ಕುಲ, ನುಡಿಯ ಗತಿ

(ಅಳಿಯನು ಅಮೆರಿಕಾದಲ್ಲಿ ನೆಲೆಸಿ, ರಜೆಯಲ್ಲಿ ಊರಿಗೆ ಬಂದವನು. ಮಾವನು ಶಾಲೆಯೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದವನು. ಸಂವಾದದ ಸ್ಥಳ, ಕಾರ್ಕಳದಲ್ಲಿರುವ ಮಾವನ ಮನೆಯ ಚಾವಡಿ.)

ಅಳಿಯ: ಮಾವ, ನಾನಿರುವ ದೇಶದಲ್ಲಿ ಹೊಸಬರಿಬ್ಬರು ಭೇಟಿಯಾದರೆ, ಹೆಸರು ವಿಚಾರಿಸಿದ ಮೇಲೆ ಕೇಳುವ ಪ್ರಶ್ನೆ, 'ನಿಮ್ಮ ಹಿರಿಯರು ಮೂಲತಃ ಎಲ್ಲಿಂದ ಬಂದವರು?' ಎಂಬುದು. ಅಮೆರಿಕಾ ಖಂಡಗಳಲ್ಲಿ ಆಳ್ವಿಕೆ ನಡೆಸುವ ಇಂಗ್ಲಿಷು, ಸ್ಪ್ಯಾನಿಷು, ಪೋರ್ಚುಗೀಸು, ಫ್ರೆಂಚುಗಳೆಲ್ಲವೂ ಕಳೆದ ಐದು ಶತಮಾನಗಳಲ್ಲಿ ಹಡಗು ಹತ್ತಿ ಬಂದವುಗಳಾದುದರಿಂದ, ಭಾಷೆಯ ವಿಷಯದಲ್ಲಿಯೂ ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಲ್ಲ. ಊರಿಗೆ ಬಂದು ನೋಡಿದರೆ, ಇಷ್ಟು ಸಣ್ಣ ಸೀಮೆಯಲ್ಲಿ ಇಷ್ಟೊಂದು ನುಡಿಗಳಿದ್ದೂ, ಯಾವುದು ಎಲ್ಲಿಂದ ಬಂತೆಂದು ಯಾರೂ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ.

ಮಾವ: ತಲೆಕೆಡಿಸಿಕೊಳ್ಳುವುದಕ್ಕೆ ಪುರುಸೊತ್ತು ಬೇಡವೆ, ಮಾರಾಯ? ಉಡುಪಿಯಿಂದ ನೀನು ಬಂದ ಬಸ್ಸನ್ನೇ ನೆನಪಿಸಿಕೊ. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರು 'ದುಂಬು ಪೋಲೆ, ದುಂಬು ಪೋಲೆ' ಎಂದು ಜನರನ್ನು ಒಳಕ್ಕೆ ನೂಕಿದ್ದು ತುಳುವಿನಲ್ಲಿ. ಮಣಿಪಾಲದಲ್ಲಿ ಹತ್ತಿದ ವಿದ್ಯಾರ್ಥಿಗಳೊಡನೆ ಚಿಲ್ಲರೆಗಾಗಿ ವಾದಿಸಿದ್ದು ಹಿಂದಿಯಲ್ಲಿ. ಕೈಗೆ ಕೊಟ್ಟ ಚೀಟಿಯಲ್ಲಿದ್ದುದು ಇಂಗ್ಲಿಷು, ಹಣೆಯ ಮೇಲಿನ ಫಲಕ ಕನ್ನಡ. ಮುಂದಿನ ಸಾಲಿನಲ್ಲಿ ಕುಳಿತ ಇಬ್ಬರು ಹೆಂಗಸರು ಮದುವೆಯ ಮಾತನ್ನು ಕೊಂಕಣಿಯಲ್ಲಿ ಆಡಿಕೊಳ್ಳುತ್ತ, ನಡುವೆ ಟಿಕೇಟು ಕೇಳುವಾಗ ತುಳುವಿಗೆ ಹೊರಳಿ, ಮತ್ತೆ ಕೊಂಕಣಿಗೆ ಮರಳಿರಬೇಕು. ಇಷ್ಟೂ ನಡೆಯುವುದು ಮುಕ್ಕಾಲು ಗಂಟೆಯ ದಾರಿಯಲ್ಲಿ. ಅದನ್ನು ಯಾರೂ ವಿಶೇಷವೆಂದು ಭಾವಿಸುವುದಿಲ್ಲ.

ಅಳಿಯ: ಭಾವಿಸದಿರುವುದೇ ನನಗೆ ವಿಶೇಷವಾಗಿ ಕಾಣುತ್ತದೆ. ಒಂದೊಂದರ ಮೂಲವನ್ನೂ ವಿಚಾರಿಸೋಣ. ತುಳುವೆಂದರೆ ಕನ್ನಡದ ಒಂದು ಉಪಭಾಷೆ ಎಂದು ಘಟ್ಟದ ಮೇಲೆ ಕೆಲವರು ಇಂದಿಗೂ ಹೇಳುತ್ತಾರಲ್ಲ?

ಮಾವ: ಅವರು ಹೇಳುವುದಕ್ಕೂ ಶಾಸ್ತ್ರ ಹೇಳುವುದಕ್ಕೂ ಬಹಳ ದೂರ. ರಾಬರ್ಟ್ ಕಾಲ್ಡ್‌ವೆಲ್ಲರು 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದಾಗಲೇ ತುಳುವನ್ನು ಸ್ವತಂತ್ರ ಭಾಷೆಯೆಂದು ಗಣಿಸಿ, ಅದರ ಬೆಳವಣಿಗೆಯನ್ನು ಮುಕ್ತಕಂಠದಿಂದ ಮೆಚ್ಚಿದ್ದರು. ಅನಂತರ ಬಂದ ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯವೆಂದರೆ, ಮೂಲ ದಕ್ಷಿಣ ದ್ರಾವಿಡದಿಂದ ತುಳು ಬೇರ್ಪಟ್ಟುದು ಅತ್ಯಂತ ಪ್ರಾಚೀನ ಕಾಲದಲ್ಲಿ, ಕನ್ನಡವೂ ತಮಿಳೂ ತಮ್ಮತಮ್ಮೊಳಗೆ ಕವಲೊಡೆಯುವುದಕ್ಕೆ ಮುಂಚೆಯೇ. ಹಾಗಿರುವುದರಿಂದ ವಂಶಾವಳಿಯನ್ನು ಹಿಡಿದು ಹೇಳುವುದಾದರೆ, ನೆರೆಯಲ್ಲಿಯೇ ಇರುವ ತುಳುವಿಗಿಂತ ದೂರದ ತಮಿಳೇ ಕನ್ನಡಕ್ಕೆ ಹತ್ತಿರದ ನೆಂಟ. ಕನ್ನಡವು ತನ್ನ ಪಕಾರವನ್ನು ನಡುಗಾಲದಲ್ಲಿ ಹಕಾರವಾಗಿ ಮಾರ್ಪಡಿಸಿಕೊಂಡು ಪತ್ತನ್ನು ಹತ್ತು ಮಾಡಿತು, ಪುಲಿಯನ್ನು ಹುಲಿ ಮಾಡಿತು; ತುಳು ಆ ದಾರಿಗೆ ಹೋಗಲೇ ಇಲ್ಲ. ಉಡುಪಿಯ ಅಷ್ಟಮಿಯಲ್ಲಿ ಇಂದಿಗೂ ಕುಣಿಯುವುದು ಪಿಲಿ.

ಅಳಿಯ: ಆದರೆ ಇಂದಿನ ತುಳುವಿನಲ್ಲಿ ಶಾಲೆ, ಸರಕಾರ, ಸಮ್ಮೇಳನ ಎಂಬಿತ್ಯಾದಿ ಸಂದರ್ಭಗಳಿಗೆ ಬೇಕಾದ ಶಬ್ದಗಳೆಲ್ಲ ಕನ್ನಡದಿಂದಲೋ ಸಂಸ್ಕೃತದಿಂದಲೋ ಬಂದವು. ಇಷ್ಟು ಪಡೆದುಕೊಂಡ ಮೇಲೂ ಕುಲ ಬೇರೆಯೆಂದು ಹೇಗೆ ಸಾಧಿಸುವುದು?

ಮಾವ: ಅಳಿಯಸಂತಾನದ ಮನೆಯಲ್ಲಿ ಹುಟ್ಟಿ ಈ ಪ್ರಶ್ನೆ ಕೇಳುತ್ತೀಯಲ್ಲ! ನಿನಗೆ ತಾಯಿಯಿಂದ ಬಂದ 'ಬರಿ' ಎಂಬ ವಂಶನಾಮ ಒಂದು ಉಂಟಷ್ಟೆ. ನೀನು ಮನೆ ಕಟ್ಟಿದ ಊರು ಬದಲಾದರೂ, ಉಟ್ಟ ಬಟ್ಟೆ, ಉಣ್ಣುವ ಊಟ, ಬ್ಯಾಂಕಿನಲ್ಲಿಟ್ಟ ದುಡ್ಡು ಎಲ್ಲವೂ ಪರದೇಶದ್ದಾದರೂ, ನಿನ್ನ ಬರಿ ಬದಲಾಗುವುದಿಲ್ಲ. ಭಾಷೆಗೆ ಶಬ್ದಸಂಪತ್ತು ಆಸ್ತಿಯಿದ್ದಂತೆ, ಕೈಯಿಂದ ಕೈಗೆ ಹೋಗುವುದು, ಸಾಲವಾಗಿಯೂ ಬರುವುದು. ಸರ್ವನಾಮ, ಸಂಖ್ಯೆ, ಕ್ರಿಯಾಪದಗಳ ಪ್ರತ್ಯಯ ಇವು ಬರಿಯಿದ್ದಂತೆ. ಒಂಜಿ, ರಡ್ಡ್, ಮೂಜಿ ಎಂದು ಎಣಿಸುವವನು ಎಷ್ಟು ಸಂಸ್ಕೃತವನ್ನು ಎರವಲು ತಂದರೂ ದ್ರಾವಿಡನೇ. ಏಕ್, ದೋನ್, ತೀನ್ ಎಂದು ಎಣಿಸುವವನು ಎಷ್ಟು ತಲೆಮಾರು ತುಳುವರ ನಡುವೆ ಬಾಳಿದರೂ ಆರ್ಯಭಾಷೆಯವನೇ.

ಅಳಿಯ: ಎರಡನೆಯವನೆಂದರೆ ನಮ್ಮ ಕೊಂಕಣಿಯವನು. ಅವನ ಕಥೆಯಲ್ಲಿ ಒಂದು ವಿಚಿತ್ರವನ್ನು ನಾನು ಗಮನಿಸಿದ್ದೇನೆ. ಕೊಂಕಣಿಯು ಮರಾಠಿಯ ಸೋದರಿ. ಸಂಸ್ಕೃತದ ಮೂಲಕ ಅದು ಸೇರುವುದು ಇಂಡೋ-ಯುರೋಪಿಯನ್ ಎಂಬ ಮಹಾಕುಲಕ್ಕೆ. ಪೋರ್ಚುಗೀಸು ಕೂಡ ಅದೇ ಕುಲದ್ದು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಮತಪೀಡನೆಗೆ, ಅದರಲ್ಲಿಯೂ 1560ರಲ್ಲಿ ಅಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನಕ್ಕೆ ಹೆದರಿ ದಕ್ಷಿಣಕ್ಕೆ ಬಂದವನ ಭಾಷೆಯೂ, ಅವನನ್ನು ಓಡಿಸಿದವನ ಭಾಷೆಯೂ ಶಾಸ್ತ್ರದೃಷ್ಟಿಯಲ್ಲಿ ದೂರದ ದಾಯಾದಿಗಳು. ಅವನಿಗೆ ಆಶ್ರಯ ಕೊಟ್ಟು ಕಾರ್ಕಳದ ಪೇಟೆಯಲ್ಲಿ ಅಂಗಡಿ ಹಾಕಲು ಬಿಟ್ಟ ತುಳುವನ ಭಾಷೆಗೂ ಅವನದಕ್ಕೂ ಹುಟ್ಟಿನ ನಂಟೇ ಇಲ್ಲ!

ಮಾವ: ಭೇಷ್! ನುಡಿಯ ಕುಲದಿಂದ ಮನುಷ್ಯರ ಬಾಂಧವ್ಯ ನಿಶ್ಚಯವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಡ. ಆ ಪೇಟೆಯ ವೆಂಕಟರಮಣ ದೇವಸ್ಥಾನವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಗೌಡ ಸಾರಸ್ವತರ ಕೊಂಕಣಿ ಬೇರೆ. ಅತ್ತೂರು, ಶಿರ್ವ, ಮೂಡುಬೆಳ್ಳೆಗಳ ಇಗರ್ಜಿಗಳ ಸುತ್ತ ಬೆಳೆದ ಕ್ರೈಸ್ತರ ಕೊಂಕಣಿ ಬೇರೆ. ಕುಡುಬಿಯವರದು ಇನ್ನೂ ಬೇರೆ. ಬಂದ ಕಾರಣ ಬೇರೆ, ಬಂದ ಕಾಲ ಬೇರೆ, ದೇವರು ಬೇರೆ. ಹೊರಟ ದಿಕ್ಕು ಮಾತ್ರ ಒಂದೇ. ಅವರೆಲ್ಲರೂ ಇಲ್ಲಿ ತಮ್ಮ ನುಡಿಯನ್ನು ಕನ್ನಡ ಅಕ್ಷರದಲ್ಲಿ ಬರೆದರು. ಕಾಪು, ಉಚ್ಚಿಲಗಳ ಬ್ಯಾರಿಗಳದು ಮತ್ತೊಂದು ಬಗೆ: ಮಲಯಾಳಕ್ಕೆ ಹತ್ತಿರವಾದ ದ್ರಾವಿಡ ದೇಹ, ತುಳುವಿನಿಂದ ತುಂಬಿಕೊಂಡ ದಿನಬಳಕೆಯ ಶಬ್ದಗಳು, ಅರಬರೊಡನೆ ನಡೆದ ಕಡಲ ವ್ಯಾಪಾರದಿಂದಲೂ ಧರ್ಮಗ್ರಂಥದಿಂದಲೂ ಬಂದ ಅರಬಿ. ಇನ್ನು ಸೀತಾನದಿಯನ್ನು ದಾಟಿ ಉತ್ತರಕ್ಕೆ ಹೋದೆಯೋ, ತುಳುವೇ ತೆಳುವಾಗಿ ಕುಂದಗನ್ನಡ ತೊಡಗುತ್ತದೆ. 'ಬಪ್ಪುದು', 'ಹೋಪುದು' ಎನ್ನುವ ಅಲ್ಲಿನ ರೈತನ ಬಾಯಲ್ಲಿ ಹಳಗನ್ನಡದ ಕ್ರಿಯಾರೂಪಗಳು ಪಂಡಿತರ ಅಪ್ಪಣೆಗೆ ಕಾಯದೆ ಬದುಕಿಕೊಂಡಿವೆ.

ಅಳಿಯ: ಕನ್ನಡವು ತುಳುನಾಡಿಗೆ ಹೇಗೆ ಬಂತು? ಅದನ್ನೂ ಬಂದ ಭಾಷೆಯೆಂದೇ ಎಣಿಸಬೇಕಷ್ಟೆ?

ಮಾವ: ಬಂದಿತೆಂದರೆ ಬಹಳ ಹಿಂದೆಯೇ ಬಂದಿತು, ಮತ್ತು ಆಳುವವರ ಕೈಹಿಡಿದು ಬಂದಿತು. ಆಳುಪರ ಉದ್ಯಾವರದ ಶಾಸನಗಳು ಎಂಟನೆಯ ಶತಮಾನದ ಹೊತ್ತಿಗೇ ಕನ್ನಡದಲ್ಲಿವೆ. ಈ ನಮ್ಮ ಬೆಟ್ಟದ ಮೇಲೆ ವೀರಪಾಂಡ್ಯ ಭೈರರಸನು 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಪಕ್ಕದಲ್ಲಿ ಕೆತ್ತಿರುವುದು ಸಂಸ್ಕೃತ ಮತ್ತು ಕನ್ನಡ. ನಲವತ್ತು ಅಡಿಗೂ ಮಿಕ್ಕ ಆ ಶಿಲೆಯನ್ನು ಬೆಟ್ಟಕ್ಕೆ ಏರಿಸಿದ ಕೂಲಿಗಳು ಒಬ್ಬರನ್ನೊಬ್ಬರು ಹುರಿದುಂಬಿಸಿದ್ದು ತುಳುವಿನಲ್ಲಿಯೇ ಇರಬೇಕು. ಆದರೆ ಕಲ್ಲಿನ ಮೇಲೆ ತುಳುವಿಗೆ ಎಡೆ ದೊರೆಯಲಿಲ್ಲ. ಸಂಸ್ಕೃತ ಮಠದ ಮಾತು, ಕನ್ನಡ ಶಾಸನದ ಮತ್ತು ಯಕ್ಷಗಾನದ ಮಾತು, ತುಳು ಪಾಡ್ದನದ, ಕೋಲದ, ಗದ್ದೆಯ ಮಾತು, ಕೊಂಕಣಿ ಅಂಗಡಿಯ ಒಳಕೋಣೆಯ ಮಾತು. ಹೀಗೆ ಒಂದೊಂದಕ್ಕೂ ಅದರದರ ಕಾರ್ಯಕ್ಷೇತ್ರವು ನಿಶ್ಚಯವಾಗಿದ್ದುದರಿಂದ ಒಂದನ್ನೊಂದು ನುಂಗುವ ಪ್ರಸಂಗ ಒದಗಲಿಲ್ಲ. ತುಳುವಿನಲ್ಲಿ ಬರವಣಿಗೆಯೇ ಇರಲಿಲ್ಲವೆಂದಲ್ಲ. ಗ್ರಂಥಲಿಪಿಯಿಂದ ಹುಟ್ಟಿ ಮಲಯಾಳ ಲಿಪಿಯನ್ನು ಹೋಲುವ ತುಳುಲಿಪಿಯನ್ನು ಇಲ್ಲಿಯ ಬ್ರಾಹ್ಮಣರು ಸಂಸ್ಕೃತದ ತಾಳೆಗರಿಗಳಿಗೆ ಬಳಸಿದರು; ತುಳು ಕಾವ್ಯಗಳೂ ಕೆಲವು ಸಿಕ್ಕಿವೆ. ಆದರೆ ಬಾಸೆಲ್ ಮಿಷನ್ನಿನವರು ತುಳುವನ್ನು ಮುದ್ರಿಸಹೊರಟಾಗ ಆರಿಸಿಕೊಂಡುದು ಕನ್ನಡ ಅಕ್ಷರವನ್ನು. ಮ್ಯಾನರ್ ಪಾದ್ರಿಯ ನಿಘಂಟು 1886ರಲ್ಲಿ ಬಂತು. ಅದಾಗಿ ನೂರು ವರ್ಷಗಳ ಮೇಲೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ಬೃಹತ್ಕೋಶವು ಆರು ಸಂಪುಟಗಳಲ್ಲಿ ಹೊರಬಂತು. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿಯೆಂದು ಬರೆಸಿದವರು 18 ಲಕ್ಷಕ್ಕೂ ಮಿಕ್ಕಿದ್ದರು.

ಅಳಿಯ: ಆ ಸಂಖ್ಯೆಯನ್ನು ಕೇಳಿದಾಗ ನನಗೆ ಮೆಕ್ಸಿಕೊ ನೆನಪಾಗುತ್ತದೆ. ಒಂದು ಕಾಲಕ್ಕೆ ಅಜ್ಟೆಕ್ ಸಾಮ್ರಾಜ್ಯದ ಆಡಳಿತವನ್ನು ನಡೆಸಿದ, ಸ್ಪೇನಿನ ಪಾದ್ರಿಗಳು 1547ರಷ್ಟು ಹಿಂದೆಯೇ ವ್ಯಾಕರಣ ಬರೆದ ನಾವಾಟ್ಲ್ ಭಾಷೆಗೆ ಇಂದು ಉಳಿದಿರುವ ಜನ 17 ಲಕ್ಷದೊಳಗೆ, ನಮ್ಮ ತುಳುವಿಗಿಂತಲೂ ಕಡಿಮೆ. ಅಮೆರಿಕಾ ಖಂಡಗಳ ಮೂಲಭಾಷೆಗಳ ವಿಷಯವೇ ಒಂದು ಮಹಾರಣ್ಯ, ಮಾವ. ನಮ್ಮ ಇಡೀ ಭಾರತದಲ್ಲಿ ಎಣಿಸಿದರೆ ದೊಡ್ಡ ಭಾಷಾಕುಲಗಳು ಐದಾರು. ಅಲ್ಲಿ, ಮೆಕ್ಸಿಕೊದ ಉತ್ತರಕ್ಕೆ ಮಾತ್ರವೇ 58 ಕುಲಗಳನ್ನು ಪವೆಲ್ ಎಂಬ ವಿದ್ವಾಂಸನು 1891ರಲ್ಲಿ ಪಟ್ಟಿ ಮಾಡಿದನು. ಎರಡೂ ಖಂಡಗಳನ್ನು ಸೇರಿಸಿದರೆ, ಒಂದಕ್ಕೊಂದು ಸಂಬಂಧವನ್ನು ಸಾಧಿಸಲಾಗದ ಕುಲಗಳು ನೂರೈವತ್ತಕ್ಕೂ ಮಿಕ್ಕುತ್ತವೆ.

ಮಾವ: ಏಷ್ಯಾದಿಂದ ಒಂದೇ ದಾರಿಯಾಗಿ ಹೋದ ಜನರೆಂದು ನಾವು ಓದಿದ್ದೇವಲ್ಲ, ಅಷ್ಟು ಕುಲಗಳು ಎಲ್ಲಿಂದ ಹುಟ್ಟಿದವು?

ಅಳಿಯ: ದಾರಿ ಒಂದೇ ಇರಬಹುದು, ಆದರೆ ಕಾಲ ಬಹುದೀರ್ಘವಾದುದು. ಸೈಬೀರಿಯಾಕ್ಕೂ ಅಲಾಸ್ಕಾಕ್ಕೂ ನಡುವೆ ನೆಲ ತೆರೆದಿದ್ದ ಹಿಮಯುಗದಲ್ಲಿ, ಕನಿಷ್ಠವೆಂದರೂ 15 ಸಾವಿರ ವರ್ಷಗಳ ಹಿಂದೆ, ಜನರು ಆ ಕಡೆಗೆ ಹೋದರು. ಶಬ್ದಗಳನ್ನು ಹೋಲಿಸಿ ಕುಲವನ್ನು ಗುರುತಿಸುವ ನಮ್ಮ ಶಾಸ್ತ್ರದ ಕಣ್ಣಿಗೆ ಎಂಟು ಹತ್ತು ಸಾವಿರ ವರ್ಷಗಳಿಂದಾಚೆ ಏನೂ ಕಾಣುವುದಿಲ್ಲ. ಅಷ್ಟರೊಳಗೆ ಧ್ವನಿಗಳು ತೇದು, ಶಬ್ದಗಳು ಬಿದ್ದುಹೋಗಿ, ಹೋಲಿಕೆಯು ಆಕಸ್ಮಿಕವೋ ಆನುವಂಶಿಕವೋ ಎಂದು ನಿರ್ಣಯಿಸುವುದೇ ಅಸಾಧ್ಯವಾಗುತ್ತದೆ. 1987ರಲ್ಲಿ ಜೋಸೆಫ್ ಗ್ರೀನ್‌ಬರ್ಗ್ ಎಂಬ ಮಹಾವಿದ್ವಾಂಸನು ಅವೆಲ್ಲವನ್ನೂ ಮೂರೇ ಕುಲಗಳಲ್ಲಿ ಅಡಗಿಸಹೊರಟನು. ಉತ್ತರದ ಎರಡು ಕುಲಗಳನ್ನುಳಿದು ಮಿಕ್ಕ ಸಮಸ್ತವನ್ನೂ 'ಅಮೆರಿಂಡ್' ಎಂಬ ಒಂದೇ ಹೆಸರಿನಡಿ ತಂದನು. ಆ ಭಾಷೆಗಳಲ್ಲಿಯೇ ಜೀವಮಾನ ಕಳೆದವರು ಬಹುಮಂದಿ ಅದನ್ನು ಒಪ್ಪಲಿಲ್ಲ.

ಮಾವ: ಮೂಲವನ್ನು ಬಹುದೂರ ಹುಡುಕುವ ಚಪಲ ನಮ್ಮಲ್ಲಿಯೂ ಉಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರಲ್ಲಿ, ಭಾರತದ ತೀರದ ಪಾತ್ರಗಳು ಆಡುವ ಅರ್ಥವಾಗದ ಮಾತುಗಳನ್ನು ಒಬ್ಬರು ಕನ್ನಡವೆಂದರು, ಮತ್ತೊಬ್ಬರು ತುಳುವೆಂದರು, ಅದರ ಕಥೆ ನಡೆದುದು ಮಲ್ಪೆಯಲ್ಲಿಯೇ ಎಂದೂ ವಾದಿಸಿದರು. ವಾದ ಇನ್ನೂ ತೀರಿಲ್ಲ. ಅದು ಒತ್ತಟ್ಟಿಗಿರಲಿ. ನನಗೆ ಹೆಚ್ಚು ಕುತೂಹಲವಾದುದು ಬೇರೊಂದು. ವಾಸ್ಕೋ ಡ ಗಾಮನು 1498ರಲ್ಲಿ ನಮ್ಮ ಮಲ್ಪೆಯ ಎದುರಿನ ದ್ವೀಪಕ್ಕೆ ಬಂದು ಸಾಂತಾ ಮಾರಿಯಾ ಎಂದು ಹೆಸರಿಟ್ಟನೆಂಬ ಪ್ರತೀತಿಯುಂಟು. ಅವನ ಹಿಂದೆಯೇ 1500ರಲ್ಲಿ ಹೊರಟ ಕಬ್ರಾಲನ ನೌಕೆಗಳು ಏಪ್ರಿಲಿನಲ್ಲಿ ಬ್ರೆಜಿಲಿನ ತೀರವನ್ನು ಕಂಡು, ಅಲ್ಲಿಂದ ತಿರುಗಿ, ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದವು. ನಾವಿಕರು ಅವರೇ, ಅರಸನು ಅವನೇ, ಭಾಷೆ ಅದೇ. ಬ್ರೆಜಿಲಿನಲ್ಲಿ ಇಂದು ಇಪ್ಪತ್ತು ಕೋಟಿ ಜನ ಪೋರ್ಚುಗೀಸನ್ನು ಆಡುತ್ತಾರೆ. ನಮ್ಮ ತೀರದಲ್ಲಿ ಅದರದೆಂದು ಉಳಿದುದು ಮೇಜು, ಚಾವಿ, ಪಾದ್ರಿ, ಇಗರ್ಜಿ, ಹೀಗೆ ಬೆರಳೆಣಿಕೆಯ ಶಬ್ದಗಳು. ಏಕೆ ಹೀಗಾಯಿತು?

ಅಳಿಯ: ಪ್ರಯತ್ನ ಕಡಿಮೆಯಾಗಿ ಅಲ್ಲ. ಎರಡು ಕಡೆಯೂ ಅವರು ನಡೆದ ಹಾದಿ ಒಂದೇ. ಮೊದಲು ಪಾದ್ರಿಗಳು ಸ್ಥಳೀಯರ ಭಾಷೆಯನ್ನು ಕಲಿತು ವ್ಯಾಕರಣ ಬರೆದರು: ಬ್ರೆಜಿಲಿನ ಕರಾವಳಿಯ ತುಪಿ ಭಾಷೆಗೆ ಆಂಶಿಯೆಟಾ ಬರೆದುದು ಅಚ್ಚಾದುದು 1595ರಲ್ಲಿ, ಗೋವೆಯ ಕೊಂಕಣಿಗೆ ಥಾಮಸ್ ಸ್ಟೀಫನ್ಸ್ ಬರೆದುದು ಅಚ್ಚಾದುದು 1640ರಲ್ಲಿ. ಆಮೇಲೆ ಅರಸೊತ್ತಿಗೆಗೆ ಆ ಭಾಷೆಗಳೇ ಅಡ್ಡಿಯೆನಿಸಿ ನಿಷೇಧದ ಆಜ್ಞೆಗಳು ಹೊರಟವು: ಗೋವೆಯಲ್ಲಿ 1684ರಲ್ಲಿ, ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನು ಆಡಬೇಕೆಂದು, ಅಮೆಜಾನಿನ ಪ್ರಾಂತಗಳಲ್ಲಿ 1757ರಲ್ಲಿ, ತುಪಿಯಿಂದ ಬೆಳೆದ ಸಾಮಾನ್ಯ ಭಾಷೆಯನ್ನು ತೊಡೆದುಹಾಕಬೇಕೆಂದು. ಗೋವೆಯಲ್ಲಿ ಆಜ್ಞೆ ಕಾಗದದಲ್ಲಿ ಉಳಿಯಿತು. ಬ್ರೆಜಿಲಿನಲ್ಲಿ ಕಾಲಕ್ರಮದಲ್ಲಿ ಫಲಿಸಿತು. ಈ ಭೇದಕ್ಕೆ ಕಾರಣ ಮುಖ್ಯವಾಗಿ ರೋಗ. ಸಿಡುಬು, ದಡಾರಗಳನ್ನು ಎಂದೂ ಕಂಡರಿಯದ ಆ ಜನರ ಊರಿಗೆ ಊರೇ ನಿರ್ಜನವಾಯಿತು. ಖಾಲಿಯಾದ ನೆಲಕ್ಕೆ ಯುರೋಪಿನಿಂದ ಒಕ್ಕಲು ಬಂತು, ಆಫ್ರಿಕಾದಿಂದ ಗುಲಾಮರನ್ನು ತಂದರು. ಆಡುವವರು ಸತ್ತಲ್ಲಿ ಭಾಷೆ ಯಾರ ನಾಲಿಗೆಯ ಮೇಲೆ ನಿಲ್ಲಬೇಕು?

ಮಾವ: ಸರಿ. ನಮ್ಮಲ್ಲಿ ಸಿಡುಬು ಹೊಸ ಅತಿಥಿಯಲ್ಲ. ಅಂಥ ಬೇನೆಗಳ ಭಯದಿಂದ ಜನರು ಮಾರಿಯಮ್ಮನಿಗೆ ನಡೆದುಕೊಂಡ ಗುಡಿ ಕಾಪುವಿನಲ್ಲಿಯೇ ಉಂಟು. ಜನರು ಸತ್ತರು, ಉಳಿದರು, ಊರು ಖಾಲಿಯಾಗಲಿಲ್ಲ. ಅಲ್ಲದೆ ಮಂಗಳೂರು, ಬಸರೂರುಗಳಲ್ಲಿ ಪೋರ್ಚುಗೀಸರು ಕಟ್ಟಿದುದು ಕೋಟೆಯನ್ನು, ಊರನ್ನಲ್ಲ; ಅವರಿಗೆ ಬೇಕಾಗಿದ್ದುದು ಅಕ್ಕಿ ಮತ್ತು ಮೆಣಸು, ಗದ್ದೆಯಲ್ಲ. ಆ ಕೋಟೆಗಳನ್ನೂ ಹದಿನೇಳನೆಯ ಶತಮಾನದ ನಡುವಿನಲ್ಲಿ ಇಕ್ಕೇರಿಯ ಶಿವಪ್ಪನಾಯಕನು ಕಿತ್ತುಕೊಂಡನು.

ಅಳಿಯ: ಆದರೆ ಅವರು ಬ್ರೆಜಿಲಿನಿಂದ ತಂದುಕೊಟ್ಟ ಗೇರು ಕಾರ್ಕಳದ ಗುಡ್ಡಗಳಲ್ಲಿ ಬೇರೂರಿತು. ಅದರ ಪೋರ್ಚುಗೀಸ್ ಹೆಸರು 'ಕಾಜು' ಹುಟ್ಟಿದುದು ತುಪಿಯಿಂದ. ಇಲ್ಲಿಯ ಗೇರುಬೀಜದ ಕಾರ್ಖಾನೆಗೆ ಹೋದರೆ, ಹುರಿದ ಬೀಜದ ರಾಶಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು, ಕೈಗೆ ಸೊನೆ ತಾಗದಂತೆ ಎಣ್ಣೆಯನ್ನೋ ಬೂದಿಯನ್ನೋ ಸವರಿಕೊಂಡು ಸಿಪ್ಪೆ ಒಡೆಯುತ್ತ ತುಳುವಿನಲ್ಲಿ ಹರಟುತ್ತಾರೆ. ಒಳಗಿನ ಕಚೇರಿಯಲ್ಲಿ ಕೊಂಕಣಿ, ಹೊರದೇಶಕ್ಕೆ ಹೋಗುವ ಡಬ್ಬಿಯ ಮೇಲೆ ಇಂಗ್ಲಿಷು. ಬ್ರೆಜಿಲಿನ ಕಡಲ ತೀರದಲ್ಲಿ ತುಪಿಯನ್ನು ತಾಯ್ನುಡಿಯಾಗಿ ಆಡುವವರು ಇಂದಿಲ್ಲ. ಅಮೆಜಾನಿನ ಒಳನಾಡಿನಲ್ಲಿ ಅದರ ಸಂತತಿಯಾದ ನೆಂಗಾಟು ಮಾತ್ರ ಉಳಿದು, 2002ರಲ್ಲಿ ಒಂದು ಪೌರಸಭೆಯ ಅಧಿಕೃತ ಭಾಷೆಯ ಪದವಿಯನ್ನೂ ಪಡೆದಿದೆ.

ಮಾವ: ಹಾಗಾದರೆ ನಮ್ಮ ಸೀಮೆಯ ವ್ಯವಸ್ಥೆ ಮೆಚ್ಚತಕ್ಕದ್ದೇ ಎಂದಾಯಿತು. ಬಂದ ಭಾಷೆಗಳು ಇದ್ದುದನ್ನು ಅಳಿಸಲಿಲ್ಲ, ಇದ್ದ ಭಾಷೆಗಳು ಬಂದುದನ್ನು ಓಡಿಸಲಿಲ್ಲ. ಕಾಪುವಿನ ಮೊಗವೀರ ಹೆಂಗಸು ಬೂತಾಯಿಯ ಬುಟ್ಟಿಯನ್ನು ಹೊತ್ತು ಶಿರ್ವದ ಕ್ರೈಸ್ತರ ಅಂಗಳಕ್ಕೆ ಹೋದರೆ, ಕೊಂಕಣಿಯ ಮನೆಯೊಡತಿ ತುಳುವಿನಲ್ಲಿಯೇ ಚೌಕಾಶಿ ಮಾಡುತ್ತಾಳೆ. ಮಣಿಪಾಲದ ಆಸ್ಪತ್ರೆಯಲ್ಲಿ 'ಬಂಜಿ ಬೇನೆ' ಎಂದು ಅಜ್ಜಿಯೊಬ್ಬಳು ಹೊಟ್ಟೆ ಹಿಡಿದುಕೊಂಡರೆ, ಉತ್ತರದೇಶದಿಂದ ಕಲಿಯಲು ಬಂದ ಹುಡುಗನೂ ನಾಲ್ಕು ತಿಂಗಳಲ್ಲಿ ಆ ಎರಡು ಶಬ್ದಗಳನ್ನು ಅರಿತುಕೊಳ್ಳುತ್ತಾನೆ. ಇದಕ್ಕಿಂತ ಹೆಚ್ಚಿನ ಸಹಬಾಳ್ವೆ ಯಾವ ಖಂಡದಲ್ಲಿ ಉಂಟು?

ಅಳಿಯ: ನೀವು ಎಣಿಸಿದ ಪಟ್ಟಿಯಲ್ಲಿ ಒಂದು ಭಾಷೆ ಬಿಟ್ಟುಹೋಗಿದೆ, ಮಾವ.

ಮಾವ: ಯಾವುದು? ಉರ್ದುವೆ? ಮರಾಠಿಯೆ?

ಅಳಿಯ: ಬುಟ್ಟಿ ಹೆಣೆಯುವ ಕೊರಗರದು.

ಮಾವ: ಅದನ್ನು ತುಳುವಿನೊಳಗೇ ಸೇರಿಸಿ ಎಣಿಸುವ ವಾಡಿಕೆ ನಮ್ಮಲ್ಲಿ. ವಾಡಿಕೆಯೆಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಆ ಭಾಷೆಯ ಕುರಿತು ಪ್ರಕಟಿಸಿದ ಗ್ರಂಥವೊಂದುಂಟು. ಅದರಲ್ಲಿ ಅವರು ಕೊರಗ ನುಡಿಯ ಮೂರು ಉಪಭಾಷೆಗಳನ್ನು ವಿವರಿಸಿ, ತುಳುವಿನ ಪ್ರಭಾವ ಮೇಲೆ ಎಷ್ಟೇ ಕಂಡರೂ ಅದು ಬೇರೆಯೇ ಒಂದು ಭಾಷೆಯೆಂದು ತೋರಿಸಿದರು. ಅಷ್ಟೇ ಅಲ್ಲ, ಛೋಟಾನಾಗಪುರದ ಕುಡುಖ್, ಬಲೂಚಿಸ್ತಾನದ ಬ್ರಾಹುಈ ಮೊದಲಾದ ಉತ್ತರ ದ್ರಾವಿಡ ಭಾಷೆಗಳೊಡನೆ ಅದಕ್ಕೆ ನಂಟಿರಬಹುದೆಂದೂ ಸೂಚಿಸಿದರು. ಆ ಸೂಚನೆ ನಿಲ್ಲುವುದಾದರೆ, ಈ ಊರಿನ ಭಾಷೆಗಳ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದ ಮೂಲಕಥೆ ತುಳುವಿನದಲ್ಲ, ಕೊಂಕಣಿಯದಲ್ಲ, ಕಾಡಿನ ಅಂಚಿನ ಕೊರಗರ ಗುಡಿಸಲಿನದು.

ಅಳಿಯ: ಕಥೆ ಸ್ವಾರಸ್ಯವಾದುದು, ಗತಿಯೋ? 2011ರ ಗಣತಿಯಂತೆ ಕರ್ನಾಟಕ, ಕೇರಳಗಳೆರಡರಲ್ಲಿಯೂ ಸೇರಿ ಕೊರಗ ಸಮುದಾಯದವರೇ ಸುಮಾರು 16 ಸಾವಿರ ಮಂದಿ. ಅವರಲ್ಲಿ ಎಲ್ಲರ ಮನೆಯಲ್ಲಿಯೂ ಆ ಭಾಷೆ ಉಳಿದಿಲ್ಲ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಹೇಳಿಕೊಳ್ಳುವ ತಾಯ್ನುಡಿಗಳನ್ನು ನಮ್ಮ ಗಣತಿಯ ಭಾಷಾಪಟ್ಟಿಯಲ್ಲಿ ಹೆಸರಿಸದೆ 'ಇತರ' ಎಂಬ ಗುಂಪಿಗೆ ಸೇರಿಸುತ್ತಾರೆ. ನೀವು ಹೇಳಿದ ಸಹಬಾಳ್ವೆಯೊಳಗೆ ಇವರು ಎಲ್ಲಿದ್ದರು?

ಮಾವ: ಅಂಗಳದ ಹೊರಗಿದ್ದರು. ಸತ್ಯವನ್ನು ಮುಚ್ಚಿ ಪ್ರಯೋಜನವಿಲ್ಲ. ಅವರು ಹೆಣೆದ ಬುಟ್ಟಿ ನಮ್ಮ ಪ್ರತಿಯೊಂದು ಮನೆಯಲ್ಲಿತ್ತು, ಅವರು ಬಡಿದ ಡೋಲು ಪ್ರತಿಯೊಂದು ಕಂಬಳದಲ್ಲಿತ್ತು. ಆದರೆ ಅವರನ್ನು ಮನುಷ್ಯರಂತೆ ಕಾಣದ 'ಅಜಲು' ಎಂಬ ಪದ್ಧತಿಯನ್ನು ನಿಷೇಧಿಸುವುದಕ್ಕೆ ಕರ್ನಾಟಕದಲ್ಲಿ 2000ದ ಇಸವಿಯಲ್ಲಿ ಒಂದು ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ನಾನು ಅದಾಗಲೇ ಹೇಳಿದೆನಲ್ಲ, ಒಂದೊಂದು ಭಾಷೆಗೂ ಅದರದರ ಕಾರ್ಯಕ್ಷೇತ್ರವಿತ್ತೆಂದು. ಕೊರಗ ಭಾಷೆಗಿದ್ದ ಕ್ಷೇತ್ರ ಅವರ ಕೊಪ್ಪ ಎಂಬ ಗುಡಿಸಲೊಂದೇ. ಬುಟ್ಟಿಯನ್ನು ಮಾರುವುದಕ್ಕೆ ಅವರೇ ತುಳುವನ್ನು ಕಲಿಯಬೇಕು. ಕೊಳ್ಳುವವನು ಅವರ ಭಾಷೆಯನ್ನು ಕಲಿಯಬೇಕಾದ ಅಗತ್ಯ ಎಂದೂ ಬರಲಿಲ್ಲ. ಅವರ ಮಗು ಶಾಲೆಗೆ ಬಂದರೆ ಪಾಠ ಕನ್ನಡದಲ್ಲಿ, ಆಟ ತುಳುವಿನಲ್ಲಿ. ತನ್ನ ಮಾತನ್ನು ಆಡಿದರೆ ಜಾತಿ ಬಯಲಾಗಿ ನಗೆಪಾಟಲಾಗುವ ಭಯ. ಹೀಗಿರುವಾಗ ತಂದೆತಾಯಿಗಳೇ ಮಗುವಿನ ಮುಂದೆ ಆ ಭಾಷೆಯನ್ನು ಬಿಟ್ಟರೆ, ತಪ್ಪನ್ನು ಅವರ ಮೇಲೆ ಹೊರಿಸಲಾದೀತೆ?

ಅಳಿಯ: ಅಮೆರಿಕಾದಲ್ಲಿ 1879ರಿಂದ ಮೂಲನಿವಾಸಿಗಳ ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಒಯ್ದು, ತಾಯ್ನುಡಿಯನ್ನಾಡಿದರೆ ದಂಡಿಸುತ್ತಿದ್ದರು. ಇಲ್ಲಿ ಬೆತ್ತವೂ ಬೇಕಾಗಲಿಲ್ಲ ಎಂದಾಯಿತು. ಆದರೂ ನನಗೆ ಪೂರ್ಣ ನಿರಾಶೆಯಿಲ್ಲ, ಮಾವ. ಮಸಾಚುಸೆಟ್ಸಿನ ವಾಂಪನೊಅಗ್ ಜನರ ಭಾಷೆಯನ್ನು ಆಡುವವರು ಒಬ್ಬರೂ ಉಳಿಯದೆ ನೂರು ವರ್ಷಗಳಿಗೂ ಮೇಲಾಗಿತ್ತು. 1663ರಲ್ಲಿ ಜಾನ್ ಎಲಿಯಟ್ ಎಂಬ ಪಾದ್ರಿ ಮತಪ್ರಚಾರಕ್ಕೆಂದು ಆ ಭಾಷೆಯಲ್ಲಿ ಅಚ್ಚುಹಾಕಿಸಿದ ಬೈಬಲನ್ನೂ ಹಳೆಯ ಕಾಗದಪತ್ರಗಳನ್ನೂ ಆಧರಿಸಿ, ಅದೇ ಕುಲದ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಮಹಿಳೆ ಭಾಷಾಶಾಸ್ತ್ರವನ್ನು ಓದಿ, ಅದನ್ನು ಪುನಃ ಕಟ್ಟಿ, ತನ್ನ ಮಗಳಿಗೆ ತಾಯ್ನುಡಿಯಾಗಿ ಕಲಿಸಿದಳು. ಹಾಗಿರುವಲ್ಲಿ ಶಂಕರ ಭಟ್ಟರ ಗ್ರಂಥವೂ ಒಂದು ದಿನ ಕೊರಗರ ಕೈಯಲ್ಲಿ ಅಂಥದೇ ಸಾಧನವಾಗಲಾರದೆ?

ಮಾವ: ಆಗಬಹುದು. ಆದರೆ ಸತ್ತುದನ್ನು ಬದುಕಿಸುವ ಮಹತ್ಕಾರ್ಯಕ್ಕಿಂತ ಸಾಯದಂತೆ ನೋಡುವ ಸಣ್ಣ ಕೆಲಸ ಅಗ್ಗವಷ್ಟೆ? ಅಂಥ ದೃಷ್ಟಾಂತ ನಿನ್ನ ಖಂಡದಲ್ಲಿ ಇಲ್ಲವೆ?

ಅಳಿಯ: ಒಂದುಂಟು, ಪರಾಗ್ವೆ. ಅಲ್ಲಿಗೆ ಬಂದ ಸ್ಪೇನಿನ ಗಂಡಸರು ಗ್ವಾರಾನಿ ಹೆಂಗಸರೊಡನೆ ಸಂಸಾರ ಮಾಡಿದರು; ಮಕ್ಕಳು ತಾಯಿಯ ಮಾತನ್ನು ಕಲಿತರು; ಜೆಸುಯಿಟ್ ಪಾದ್ರಿಗಳು ತಮ್ಮ ವಸಾಹತುಗಳಲ್ಲಿ ಆ ಭಾಷೆಯಲ್ಲಿಯೇ ಬರೆದರು, ಅಚ್ಚುಹಾಕಿದರು. ಇಂದು ಮೂಲನಿವಾಸಿಗಳೆಂದು ತಮ್ಮನ್ನು ಕರೆದುಕೊಳ್ಳದ ಬಹುಸಂಖ್ಯಾತ ಜನರೇ ಗ್ವಾರಾನಿಯನ್ನು ಆಡುತ್ತಾರೆ. 1992ರ ಸಂವಿಧಾನ ಅದನ್ನು ಸ್ಪ್ಯಾನಿಷಿನ ಜೊತೆಗೆ ರಾಷ್ಟ್ರದ ಅಧಿಕೃತ ಭಾಷೆಯನ್ನಾಗಿ ಮಾಡಿದೆ.

ಮಾವ: ಅಲ್ಲಿಗೆ ನಮ್ಮ ಚರ್ಚೆಗೆ ಬೇಕಾದ ಸೂತ್ರ ಸಿಕ್ಕಿತು. ಮೂಲದ ಪ್ರಶ್ನೆಯನ್ನು ಹಿಡಿದು ನೋಡಿದರೆ ಗ್ವಾರಾನಿ, ತುಪಿಗಳು ಒಂದೇ ಕುಲದವು. ಒಂದು ಉಳಿಯಿತು, ಒಂದು ಅಳಿಯಿತು. ತುಳು, ಕೊರಗಗಳೆರಡೂ ದ್ರಾವಿಡಗಳೇ, ಒಂದಕ್ಕೆ ನಿಘಂಟು, ಅಕಾಡೆಮಿ, ಸಿನಿಮಾ, ಮತ್ತೊಂದಕ್ಕೆ 'ಇತರ'. ಆದುದರಿಂದ ಭಾಷೆ ಎಲ್ಲಿಂದ ಬಂತೆಂಬುದನ್ನು ಅದರ ಸಂಖ್ಯೆಗಳೂ ಸರ್ವನಾಮಗಳೂ ಹೇಳಬಲ್ಲವು. ಅದು ಎಲ್ಲಿಗೆ ಹೋಗುವುದೆಂಬುದನ್ನು ಹೇಳುವುದು ಬೇರೊಂದು ಸಂಗತಿ, ಯಾರು ಯಾರ ಭಾಷೆಯನ್ನು ಕಲಿಯುತ್ತಾರೆ ಎಂಬುದು. ಕೊಂಕಣಿಯ ಸಾಹುಕಾರನು ಗಿರಾಕಿಗಾಗಿ ತುಳುವನ್ನು ಕಲಿತನು, ತುಳುವನು ಕೋರ್ಟುಕಚೇರಿಗಾಗಿ ಕನ್ನಡವನ್ನು ಕಲಿತನು, ಎಲ್ಲರೂ ಕೂಡಿ ಉದ್ಯೋಗಕ್ಕಾಗಿ ಇಂಗ್ಲಿಷನ್ನು ಕಲಿತೆವು. ಇವರೆಲ್ಲರ ಕಲಿಕೆಯೂ ಮೇಲ್ಮುಖವಾಗಿಯೇ ಹರಿಯಿತು. ಕೆಳಮುಖವಾಗಿ ಹರಿದು ಕೊಪ್ಪವನ್ನು ಮುಟ್ಟಲಿಲ್ಲ.

ಅಳಿಯ: ಹಾಗಾದರೆ ಕೊರಗರು ತಮ್ಮ ಭಾಷೆಯನ್ನು ಉಳಿಸಿಕೊಳ್ಳುವುದಕ್ಕೆ ಏನು ಮಾಡಬೇಕೆನ್ನುತ್ತೀರಿ?

ಮಾವ: ಅವರು ಮಾಡಬೇಕಾದುದನ್ನು ಹೇಳುವುದಕ್ಕೆ ನಾನು ಯಾರು? ಅವರಲ್ಲಿ ಇಂದು ಓದಿದವರಿದ್ದಾರೆ, ಸಂಘಟನೆಯುಂಟು. ತಮಗೆ ಆ ಭಾಷೆ ಬೇಕೋ ಬೇಡವೋ, ಎಷ್ಟು ಬೇಕು ಎಂಬುದನ್ನು ಅವರೇ ನಿರ್ಣಯಿಸಲಿ. ನಮ್ಮ ಪಾಲಿನ ಕೆಲಸ ಬೇರೆ. ಅಂಗನವಾಡಿಗೆ ಒಬ್ಬಳನ್ನು ನೇಮಿಸುವಾಗ ಕೊರಗ ಭಾಷೆ ಬಲ್ಲ ಹುಡುಗಿಗೆ ಅದೊಂದು ಅರ್ಹತೆಯೆಂದು ಅಂಕ ಕೊಡಲಿ. ಆ ಮಕ್ಕಳಿರುವ ಶಾಲೆಗೆ ಹೋಗುವ ಮಾಸ್ತರರಿಗೆ, ಮಣಿಪಾಲದಿಂದ ಶಿಬಿರಕ್ಕೆ ಹೋಗುವ ವೈದ್ಯರಿಗೆ, ಆರು ತಿಂಗಳ ಪಾಠವಿರಲಿ, ಪಾಠ ಹೇಳುವ ಕೊರಗ ಹಿರಿಯರಿಗೆ ಸಂಬಳವಿರಲಿ. ಮನೆಯಲ್ಲಿ ಕೊರಗ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಈಗ ಮೊಬೈಲಿನಲ್ಲಿ ಇಂಗ್ಲಿಷು, ಇಷ್ಟನ್ನೂ ಕಲಿತು ಅವರ ಪಾಲಿನ ಪಾಠ ಎಂದೋ ಮುಗಿದಿದೆ. ಬಾಕಿ ಇರುವುದು ನಮ್ಮದು.